ಕೇಳಿ ಹಾಕುವ ಚೆಕ್ಕು

ಮುಂಡಪ್ಪನವರು ಕೊಡುವ ಚೆಕ್ಕಿಗೆ ಎರಡು ತಾರೀಕುಗಳಿರುತ್ತಿದ್ದವು. ಒಂದು ಚೆಕ್ಕಿನ ಮೇಲೆ ಬರೆದದ್ದು, ಇನ್ನೊಂದು ಅವರ ಬಾಯಲ್ಲಿ ಇದ್ದದ್ದು. ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವದಲ್ಲಿರುವ ಅವರ ‘ಶ್ರೀ ಕಟಾಕ್ಷ’ ಹೋಟೆಲಿಗೆ ಹಾಲು ಹಾಕುವವನಿಂದ ಹಿಡಿದು ತರಕಾರಿಯವನ ತನಕ ಎಲ್ಲರಿಗೂ ಈ ಸಂಗತಿ ಗೊತ್ತು. ಚೆಕ್ಕು ಕೈಗೆ ಕೊಡುವಾಗ ಮುಂಡಪ್ಪನವರು ನಗುತ್ತಾ, “ಹಾಕುವ ಮೊದಲು ಒಂದು ಮಾತು ಕೇಳಿ, ಆಯ್ತಾ?” ಎನ್ನುತ್ತಿದ್ದರು. ತೆಗೆದುಕೊಂಡವರು ಅದನ್ನು ಕಿಸೆಯಲ್ಲಿಟ್ಟುಕೊಂಡು ನಾಲ್ಕು ದಿನ ಕಾದು ಫೋನು ಮಾಡುತ್ತಿದ್ದರು. “ಇವತ್ತು ಬೇಡ, ಶುಕ್ರವಾರ ಹಾಕಿ” ಎಂದು ಉತ್ತರ ಬರುತ್ತಿತ್ತು. ಶುಕ್ರವಾರ ಹಾಕಿದರೆ ಪಾಸಾಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಯಾರ ಒಂದು ರೂಪಾಯಿಯೂ ಮುಳುಗಿದ್ದಿಲ್ಲ, ಅದನ್ನೂ ಹೇಳಬೇಕು.

ಫೋನಿನಲ್ಲಿ ಹಾಗೆ ಉತ್ತರ ಕೊಡುತ್ತಿದ್ದವನು ಜಯಶೀಲ. ಇಪ್ಪತ್ತೆಂಟು ವರ್ಷಗಳಿಂದ ಮುಂಡಪ್ಪನವರ ಗಲ್ಲೆಯಲ್ಲಿ ಕೂತು ಬಿಲ್ಲು ಹರಿದು ಚಿಲ್ಲರೆ ಎಣಿಸಿಕೊಡುವ ಮನುಷ್ಯ. ಬೆಳಿಗ್ಗೆ ಬ್ಯಾಂಕು ಬಾಗಿಲು ತೆರೆಯುವ ಎಷ್ಟೋ ಹೊತ್ತು ಮೊದಲೇ ಗಲ್ಲೆಗೆ ಹೋದರೆ, ಬ್ಯಾಂಕಿನವರು ಊಟ ಮಾಡಿ ಮಲಗಿದ ಮೇಲೆ ಮನೆಗೆ ಬರುವವನಿಗೆ ಖಾತೆ ಯಾಕೆ? ಹಾಗಾಗಿ ಅವನ ಸಂಬಳದ ಚೆಕ್ಕನ್ನು ಮೊದಲಿನಿಂದಲೂ ಹೆಂಡತಿ ರತ್ನಾವತಿಯ ಹೆಸರಿಗೇ ಬರೆಯುವುದು. ಹೋಟೆಲಿನಲ್ಲಿ ದುಡಿಯುವ ನಮ್ಮ ತುಳುನಾಡಿನವರ ಪೈಕಿ ಇದೇನೂ ಹೊಸತಲ್ಲ. ಗಂಡ ದುಡಿಯುತ್ತಾನೆ, ಬ್ಯಾಂಕಿನ ಸ್ಲಿಪ್ಪಿಗೆ ಹೆಂಡತಿ ಸಹಿ ಹಾಕುತ್ತಾಳೆ.

ಆ ವರ್ಷ ಮುಂಡಪ್ಪನವರು ಐರೋಲಿಯಲ್ಲಿ, ಐಟಿ ಪಾರ್ಕಿನ ಎದುರಿಗೆ ಎರಡನೇ ಹೋಟೆಲು ತೆರೆದಿದ್ದರು. ಮಧ್ಯಾಹ್ನ ಸಾಲುಗಟ್ಟಿ ಬರಬೇಕಾಗಿದ್ದ ಕಂಪ್ಯೂಟರಿನ ಮಕ್ಕಳು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾ ಮನೆಯಲ್ಲೇ ಉಂಡರು. ಡೊಂಬಿವಲಿಯಲ್ಲಿ ದುಡಿದದ್ದೆಲ್ಲ ಐರೋಲಿಯ ಬಾಡಿಗೆಗೆ ಹೋಯಿತು. ಜಯಶೀಲನ ಸಂಬಳ ಮೂರು ತಿಂಗಳು ಬಾಕಿಯಾಯಿತು. ಕೊನೆಗೊಂದು ದಿನ ಮೂರೂ ತಿಂಗಳದ್ದು ಸೇರಿಸಿ ಒಂದು ಲಕ್ಷ ಇಪ್ಪತ್ತಾರು ಸಾವಿರದ ಚೆಕ್ಕು ಬರೆದುಕೊಟ್ಟರು. ಜಯಶೀಲ ಅದನ್ನು ತಂದು ದೇವರ ಫೋಟೋದ ಎದುರು ಇಟ್ಟ.

“ಕೇಳಿ ಹಾಕ್ಲಿಕ್ಕೆ ಹೇಳಿದ್ದಾರೆ” ಎಂದ.

“ಕೇಳುದು ಯಾವಾಗ?” ಎಂದು ರತ್ನಾವತಿ ಕೇಳಿದಳು. ಮನೆಯಲ್ಲಿ ಗಂಡಹೆಂಡತಿಯ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಮಾತ್ರ ಕನ್ನಡದಲ್ಲಿದೆ.

“ನಾನು ಹೇಳ್ತೇನೆ. ನೀನು ಅವಸರ ಮಾಡ್ಬೇಡ.”

ಅವಸರ ರತ್ನಾವತಿಯದ್ದಾಗಿರಲಿಲ್ಲ, ಮಗ ಕೌಶಲನ ಕಾಲೇಜಿನದ್ದಾಗಿತ್ತು. ಡಿಪ್ಲೊಮಾ ಮುಗಿಸಿದ ಅವನಿಗೆ ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೀಟು ಸಿಕ್ಕಿತ್ತು. ತೊಂಬತ್ತೆಂಟು ಸಾವಿರದ ಡಿಡಿ ಕೊಡಬೇಕು, ಬುಧವಾರ ಸಂಜೆಯೊಳಗೆ. ಮಂಗಳವಾರ ಬೆಳಿಗ್ಗೆ ಗಂಡ ಚಪ್ಪಲಿ ಮೆಟ್ಟುವಾಗ ರತ್ನಾವತಿ ಇನ್ನೊಮ್ಮೆ ನೆನಪಿಸಿದಳು. “ಧನಿಗಳು ತಲೆಬಿಸಿಯಲ್ಲಿದ್ದಾರೆ, ಶುಕ್ರವಾರ ಕೇಳುವಾ” ಎಂದು ಹೇಳಿ ಅವನು ಮೆಟ್ಟಿಲಿಳಿದ.

ಶುಕ್ರವಾರಕ್ಕೆ ಸೀಟು ಬೇರೆ ಯಾರದ್ದೋ ಆಗಿರುತ್ತಿತ್ತು. ಫೋನೆತ್ತಿ ತಾನೇ ಧನಿಗಳನ್ನು ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಚೆಕ್ಕನ್ನು ಪರ್ಸಿನಲ್ಲಿಟ್ಟುಕೊಂಡು ಬ್ಯಾಂಕಿಗೆ ನಡೆದಳು.

ಅದು ನಮ್ಮ ಕಡೆಯವರೇ ಕಟ್ಟಿ ಬೆಳೆಸಿದ ಒಂದು ಸಣ್ಣ ಕೋಆಪರೇಟಿವ್ ಬ್ಯಾಂಕು. ಕೌಂಟರಿನ ಆಚೆಯೂ ಈಚೆಯೂ ತುಳು. ಅಕೌಂಟೆಂಟ್ ಸ್ವರ್ಣಲತಾ ರತ್ನಾವತಿಗೆ ಭಜನಾ ಮಂಡಳಿಯ ಗೆಳತಿ, ಐದಾರು ವರ್ಷ ದೊಡ್ಡವಳು. ಮ್ಯಾನೇಜರು ರಜೆಯ ಮೇಲೆ ಊರಿಗೆ ಹೋಗಿದ್ದರಿಂದ ಶಾಖೆಯ ಬೀಗದಕೈ ಅವಳ ಬಳಿಯೇ ಇತ್ತು.

“ಸ್ವರ್ಣಕ್ಕ, ಇವರ ಸಂಬಳದ ಚೆಕ್ಕು. ನಾಳೆ ಪಾಸಾಗ್ತದೆ. ಇವತ್ತೇ ಒಂದು ಡಿಡಿ ಮಾಡಿಕೊಡ್ಲಿಕ್ಕೆ ಆಗ್ತದಾ?”

“ಖಾತೆಯಲ್ಲಿ ಎಂತ ಉಂಟು?”

“ನಾಲ್ಕೈದು ಸಾವಿರ ಇರಬಹುದು.”

ಸ್ವರ್ಣಲತಾ ಚೆಕ್ಕನ್ನು ತಿರುಗಿಸಿ ನೋಡಿದಳು. ಮುಂಡಪ್ಪನವರ ಸಹಿ. ಶಹರದ ಅರ್ಧ ಹೋಟೆಲಿನವರಿಗೆ ಗುರುತಿನ ಸಹಿ. “ತೊಂದರೆ ಎಂತ ಇಲ್ಲ ಅಲ್ವಾ?” ಎಂದು ಕೇಳಿದಳು.

“ಎಂತದೂ ಇಲ್ಲ” ಎಂದಳು ರತ್ನಾವತಿ.

ಡಿಡಿ ಆಯಿತು. ಕೌಶಲ್ ಲೋಕಲ್ ರೈಲು ಹಿಡಿದು ಹೋಗಿ ಕಾಲೇಜಿಗೆ ಕೊಟ್ಟು ಬಂದ. ಸಂಜೆ ರತ್ನಾವತಿ ಬಂಗುಡೆ ಮೀನು ತಂದು ಹುಳಿಖಾರದ ಪುಳಿಮುಂಚಿ ಮಾಡಿದಳು. “ಮಮ್ಮಿ, ತೂ ಗ್ರೇಟ್ ಹೈ” ಎಂದು ಮಗ ಹೇಳಿದಾಗ ಅವಳಿಗೆ ನಿಜವಾಗಿಯೂ ಖುಷಿಯಾಯಿತು. ಕನ್ನಡ, ತುಳು ಎರಡೂ ಅವನಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ.

ಗುರುವಾರ ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತಿರುವಾಗ ಫೋನು ಬಂತು.

“ರತ್ನಾ, ಚೆಕ್ಕು ವಾಪಸ್ ಬಂತು” ಎಂದಳು ಸ್ವರ್ಣಲತಾ. “ಫಂಡ್ಸ್ ಇಲ್ಲ ಅಂತ. ನಿನ್ನ ಖಾತೆ ಮೈನಸ್ ಆಗಿ ಕೂತಿದೆ, ತೊಂಬತ್ತಮೂರು ಸಾವಿರ ಚಿಲ್ಲರೆ. ಇವತ್ತೇ ಏನಾದರೂ ಮಾಡು ಮಾರಾಯ್ತಿ.”

ರತ್ನಾವತಿ ಫೋನು ಕೆಳಗಿಟ್ಟಳು. ತುರಿಮಣೆಯ ಮೇಲೆ ಹಾಗೆಯೇ ಕೂತುಬಿಟ್ಟಳು.

ರಾತ್ರಿ ಜಯಶೀಲ ಬಂದು ಕಾಲು ತೊಳೆದು ಮಣೆಯ ಮೇಲೆ ಕೂರುವ ತನಕ ಅವಳು ಬಾಯಿ ಬಿಡಲಿಲ್ಲ. ಹೇಳಿದ ಮೇಲೆ ಅವನು ಅನ್ನ ಕಲಸುವುದನ್ನು ನಿಲ್ಲಿಸಿದ.

“ಕೇಳದೆ ಹಾಕಿದ್ದಾ?”

“ಹೌದು.”

“ನಾನು ಹೇಳಿದ್ದೇನೆ ಅಲ್ವಾ, ಕೇಳಿ ಹಾಕು ಅಂತ? ಹಾಲಿನವನಿಗೆ ಗೊತ್ತುಂಟು, ಈರುಳ್ಳಿಯವನಿಗೆ ಗೊತ್ತುಂಟು. ನನ್ನ ಹೆಂಡತಿಗೆ ಗೊತ್ತಿಲ್ಲ! ನಾಳೆ ಧನಿಗಳಿಗೆ ಎಂತ ಮುಖ ತೋರಿಸಲಿ?”

ಮಗಳು ಅನುಷ್ಕಾ ಒಳಗಿನಿಂದ ಬಂದಳು. ಐರೋಲಿಯಲ್ಲಿ ಒಂದು ಕಂಪನಿಯ ಲೆಕ್ಕಪತ್ರದ ವಿಭಾಗದಲ್ಲಿ ಕೆಲಸ, ಮನೆಯ ಸಾಲದ ಕಂತು ಅವಳ ಸಂಬಳದಲ್ಲೇ ಹೋಗುವುದು. ಹಾಗಾಗಿ ಮಾತಿಗೆ ಸ್ವಲ್ಪ ಖಾರ ಜಾಸ್ತಿ.

“ಅಪ್ಪ, ಮುಖ ನೀವ್ಯಾಕೆ ತೋರಿಸಬೇಕು? ಚೆಕ್ ಬೌನ್ಸ್ ಆದದ್ದು ಅವರದ್ದು.”

“ಅವರದ್ದು ಬೌನ್ಸ್ ಆಗುವುದಿಲ್ಲ. ಕೇಳಿ ಹಾಕಿದರೆ ಯಾವತ್ತೂ ಆಗಿಲ್ಲ.”

“ಅಂದರೆ ಅದು ಚೆಕ್ಕಲ್ಲ. ಚಾಕಲೇಟಿನ ಕಾಗದ.”

“ಅನ್ನ ಹಾಕಿದವರ ಬಗ್ಗೆ ಹೀಗೆ ಮಾತಾಡ್ಬಾರ್ದು!”

“ಅನ್ನ ಹಾಕಿದ್ದು ನೀವು, ಅಪ್ಪ. ಇಪ್ಪತ್ತೆಂಟು ವರ್ಷ ಆ ಹೋಟೆಲಿನಲ್ಲಿ ಬೇರೆಯವರಿಗೆ.”

ಜಯಶೀಲ ಕೈ ತೊಳೆದ. ರತ್ನಾವತಿ ಮಗಳನ್ನು ಕಣ್ಣಲ್ಲೇ ಗದರಿಸಿದಳು. ಗಂಡ ಬೈದದ್ದಕ್ಕಿಂತ ಅವನು ಅರ್ಧ ಊಟದಲ್ಲಿ ಎದ್ದದ್ದು ಅವಳಿಗೆ ಹೆಚ್ಚು ನೋವು ಕೊಟ್ಟಿತು.

ಮರುದಿನ ಅವನು ಧನಿಗಳ ಹತ್ತಿರ ಮಾತಾಡಿದ, ಅಥವಾ ಮಾತಾಡಿದೆ ಎಂದು ಬಂದು ಹೇಳಿದ. ಮುಂಡಪ್ಪನವರಿಗೆ ಸಿಟ್ಟು ಬರಲಿಲ್ಲವಂತೆ, ಬೇಸರವಾಯಿತಂತೆ. “ಕೇಳದೆ ಹಾಕಿದರೆ ನಾನೆಂತ ಮಾಡುದು ಜಯ? ಚೌತಿ ಕಳೆಯಲಿ, ನೋಡುವಾ” ಎಂದರಂತೆ. ಚೌತಿಗೆ ಇನ್ನೂ ಒಂದೂವರೆ ತಿಂಗಳಿತ್ತು.

ಮನೆಯ ಖರ್ಚು ಬಿಗಿಯಾಯಿತು. ಮೊದಲು ಮೀನು ಹೋಯಿತು, ಆಮೇಲೆ ಬೆಳಗ್ಗಿನ ದೋಸೆ ಹೋಗಿ ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿ ಬಂತು. ಕರೆಂಟಿನ ಬಿಲ್ಲು ತಾನಾಗಿಯೇ ಖಾತೆಯಿಂದ ಹೋಗುವ ವ್ಯವಸ್ಥೆ ಇತ್ತು, ಇಲ್ಲದ ಹಣ ಎಲ್ಲಿಂದ ಹೋಗಬೇಕು? ಅದೂ ವಾಪಸಾಗಿ ಮೇಲೊಂದು ದಂಡ ಬಿತ್ತು. ರತ್ನಾವತಿಯ ಚಿನ್ನ ಈ ಫ್ಲ್ಯಾಟು ಕೊಳ್ಳುವಾಗಲೇ ಗಿರವಿಗೆ ಹೋಗಿ ಕೂತಿತ್ತು. ಅನುಷ್ಕಾ ಗೆಳತಿಯರೊಂದಿಗೆ ಪ್ರವಾಸಕ್ಕೆಂದು ಕೂಡಿಟ್ಟ ಮೂವತ್ತು ಸಾವಿರವನ್ನು ತಾಯಿಯ ಖಾತೆಗೆ ಹಾಕಿದಳು. ಖಾತೆ ಅದನ್ನು ನುಂಗಿ ಇನ್ನೂ ಬಾಯಿ ತೆರೆದುಕೊಂಡೇ ಇತ್ತು. ಜಯಶೀಲ ಮಾತು ಕಡಿಮೆ ಮಾಡಿದ. “ನೀರು,” “ಸಾಕು,” “ಬಾಗಿಲು ಹಾಕು,” ಇಷ್ಟರಲ್ಲೇ ಅವನ ಸಂಸಾರ ನಡೆಯಿತು.

ಎರಡನೇ ವಾರ ಬ್ಯಾಂಕಿನ ರಿಜಿಸ್ಟರ್ಡ್ ಪತ್ರ ಬಂತು. ರತ್ನಾವತಿಯ ಹೆಸರಿಗೇ ಬಂದದ್ದು. ಕೌಶಲ್ ಅದನ್ನು ಓದಿ ಹಿಂದಿಯಲ್ಲಿ ಬಿಡಿಸಿ ಹೇಳಿದ. ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆದಿದ್ದೀರಿ, ಬಡ್ಡಿ ಸಮೇತ ಕೂಡಲೇ ತುಂಬಬೇಕು, ಇಲ್ಲದಿದ್ದರೆ ಕಾನೂನು ಕ್ರಮ.

“ಮಮ್ಮಿ, ಮೇರೇ ಕಾರಣ್ ಹುವಾ. ಮೈ ಸೀಟ್ ಛೋಡ್ ದೂಂ ಕ್ಯಾ?”

“ಸೀಟು ಬಿಟ್ಟರೆ ಕಾಲೇಜಿನವರು ದುಡ್ಡು ಕೊಡ್ತಾರಾ? ಸುಮ್ಮನೆ ಹೋಗಿ ಓದು” ಎಂದಳು. ಆದರೆ ಅವನು ಹೋದ ಮೇಲೆ ಪತ್ರವನ್ನು ಮತ್ತೆ ಬಿಡಿಸಿ ನೋಡಿದಳು. ಕಾನೂನು ಕ್ರಮ ಎಂದರೆ ಮನೆ ಬಾಗಿಲಿಗೆ ಪೊಲೀಸರು ಬರುತ್ತಾರೋ ಏನೋ. ಬಿಲ್ಡಿಂಗಿನವರೆಲ್ಲ ಬಾಗಿಲ ಜಾಲಿಯೊಳಗಿಂದ ನೋಡುತ್ತಾರೆ. ಯಾರನ್ನು ಕೇಳುವುದು? ಪತ್ರದ ಕೆಳಗಿದ್ದ ಸಹಿ ಮ್ಯಾನೇಜರದ್ದು, ಸ್ವರ್ಣಲತಾಳದ್ದಲ್ಲ. ಎರಡು ಮಂಗಳವಾರ ಸ್ವರ್ಣಲತಾ ಭಜನೆಗೂ ಬಂದಿರಲಿಲ್ಲ. ಭಾನುವಾರ ರತ್ನಾವತಿ ದಿವಾಕ್ಕೆ ಹೋದಳು.

ದಿವಾದಲ್ಲಿ ರೈಲು ಹಳಿಗೆ ತಾಗಿಕೊಂಡಂತಿರುವ ಬಿಲ್ಡಿಂಗಿನಲ್ಲಿ ಸ್ವರ್ಣಲತಾಳ ಮನೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳ ಮದುವೆಯಾಗಿತ್ತು. ಅವಳು ಪೇಪರು ಹಾಸಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ರತ್ನಾವತಿಯೂ ಕೂತು ಒಂದು ಕಟ್ಟು ಎಳೆದುಕೊಂಡಳು. ಲೋಕಲ್ಲುಗಳು ಹಾದುಹೋಗುವಾಗ ಇಬ್ಬರೂ ಮಾತು ನಿಲ್ಲಿಸಬೇಕಾಗುತ್ತಿತ್ತು.

“ಪತ್ರ ಬಂತು” ಎಂದಳು ರತ್ನಾವತಿ.

“ಬರ್ಲೇಬೇಕಲ್ಲ. ನನಗೂ ಬಂದಿದೆ.”

“ನಿನಗೆ ಯಾಕೆ?”

“ಮ್ಯಾನೇಜರಿಲ್ಲದಾಗ ನಾನು ಇಪ್ಪತ್ತೈದು ಸಾವಿರದ ತನಕ ಕೊಡಬಹುದು. ಕೊಟ್ಟದ್ದು ಎಷ್ಟು ಗೊತ್ತುಂಟಲ್ಲ?” ಸ್ವರ್ಣಲತಾಳ ದನಿ ಏರಲಿಲ್ಲ. “ಹೆಡ್ ಆಫೀಸಿಗೆ ಬರೆದುಕೊಟ್ಟಿದ್ದೇನೆ, ತಪ್ಪಾಯ್ತು ಅಂತ. ಮುಂದಿನ ತಿಂಗಳ ಮೊದಲ ವಾರ ಇನ್ಸ್‌ಪೆಕ್ಷನ್ ಉಂಟು. ಅಷ್ಟರೊಳಗೆ ಖಾತೆ ಸರಿಯಾದರೆ ಒಂದು ಮೆಮೋ ಕೊಟ್ಟು ಬಿಡ್ತಾರೆ. ಇಲ್ಲದಿದ್ರೆ ಸಸ್ಪೆಂಡ್. ರಿಟೈರ್ ಆಗ್ಲಿಕ್ಕೆ ಇನ್ನು ಒಂದೂವರೆ ವರ್ಷ.”

ರತ್ನಾವತಿಯ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಹೇಳದೆ ಎದ್ದು ಹೋಗಬಹುದಿತ್ತು. ಹೋದರೆ ಇನ್ನು ಈ ಮನೆಯ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದು ಅವಳಿಗೆ ಅನಿಸಿತು.

“ಸ್ವರ್ಣಕ್ಕ, ಆ ಚೆಕ್ಕು ಕೇಳಿ ಹಾಕಬೇಕಾದ್ದು. ಇವರು ಹೇಳಿದ್ದರು. ಕೇಳಿದರೆ ಬೇಡ ಅಂತಾರೆ ಅಂತ ನಾನು ಕೇಳ್ಲಿಲ್ಲ. ನಿನಗೂ ಹೇಳ್ಲಿಲ್ಲ.”

ಒಂದು ಫಾಸ್ಟ್ ಲೋಕಲ್ ಬಂತು, ಹೋಯಿತು. ಸ್ವರ್ಣಲತಾ ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದಳು.

“ನಾನು ಕೇಳಿದ್ದೆ, ತೊಂದರೆ ಉಂಟಾ ಅಂತ.”

“ಕೇಳಿದ್ದೆ.”

“ಉಂಟು ಅಂತಿದ್ರೆ ಡಿಡಿ ಕೊಡ್ತಿರಲಿಲ್ಲ. ನನ್ನ ಬಳೆ ತೆಗೆದು ಕೊಡ್ತಿದ್ದೆ, ಅಡವಿಡು ಅಂತ.” ಅಷ್ಟು ಹೇಳಿ ಅವಳು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ರತ್ನಾವತಿಗೆ ನೆಲಕ್ಕಿಳಿದು ಹೋದಂತಾಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಚಹಾ ಕುಡಿದೇ ಹೊರಟಳು, ಬಿಟ್ಟು ಬರುವುದು ಇನ್ನೂ ದೊಡ್ಡ ಅವಮಾನವಾಗುತ್ತಿತ್ತು.

ವಕೀಲರ ಹೆಸರು ಹೇಳಿದವಳು ಅನುಷ್ಕಾ. ಕಲ್ಯಾಣದ ಕೋರ್ಟಿನ ಹತ್ತಿರ ಅಂಬಾದಾಸ ಎಂಬವರ ಸಣ್ಣ ಆಫೀಸು. ಕಲಬುರ್ಗಿ ಕಡೆಯ ಮನುಷ್ಯ, ಫೀಸಿಗಿಂತ ಮಾತು ಜಾಸ್ತಿ. ಶನಿವಾರ ತಾಯಿ ಮಗಳು ಇಬ್ಬರೂ ಹೋದರು.

“ಬರ್ರಿ ಅಕ್ಕಾರ, ಕೂಡ್ರಿ. ಮದಲ ನೀರು ಕುಡೀರಿ. ಮಾರಿ ಯಾಕ ಹಂಗ ಸಣ್ಣದು ಮಾಡೀರಿ?” ಅವರು ಪತ್ರವನ್ನೂ ಚೆಕ್ಕು ವಾಪಸಾದ ಮೆಮೋವನ್ನೂ ಓದಿ ಮೇಜಿನ ಮೇಲೆ ಇಟ್ಟರು. “ನಿಮಗ ಜೈಲು ಗೀಲು ಏನೂ ಇಲ್ರಿ. ಬ್ಯಾಂಕಿನವರು ಕೊಟ್ರು, ನೀವು ತಗೊಂಡ್ರಿ, ಅದು ಸಾಲ ಆತು. ಬಡ್ಡಿ ಹಚ್ಚಿ ತುಂಬಬೇಕು. ತುಂಬಲಿಲ್ಲಂದ್ರ ವಸೂಲಿಗೆ ದಾವಾ ಹಾಕ್ತಾರ, ನಿಮ್ಮ ಹೆಸರಿಗೆ ಎಫ್‌ಡಿ ಇದ್ರ ಹಿಡೀತಾರ, ಮುಂದ ಯಾರೂ ಸಾಲ ಕೊಡೂದಿಲ್ಲ. ಮೋಸ ಮಾಡೂ ಇರಾದೆ ಇತ್ತಂದ್ರ ಮಾತ್ರ ಮಾತು ಬ್ಯಾರೆ. ಚೆಕ್ಕು ಪಾಸ್ ಆಗೂದಿಲ್ಲಂತ ನಿಮಗ ಗೊತ್ತಿತ್ತೇನು?”

“ಗೊತ್ತಿರ್ಲಿಲ್ಲ. ಸಂಶಯ ಇತ್ತು.”

“ಸಂಶಯಕ್ಕ ಕಾಯ್ದೆದಾಗ ಶಿಕ್ಷಾ ಇಲ್ರಿ. ಇದ್ರ ಅರ್ಧ ದೇಶ ಒಳಗಿರತಿತ್ತು.” ಅಂಬಾದಾಸರು ತಾವೇ ನಕ್ಕರು. “ಕಾಯ್ದೆ ಇರೂದು ಚೆಕ್ಕು ಬರದವರ ಮ್ಯಾಲ. ಕಲಂ ನೂರಾ ಮೂವತ್ತೆಂಟು. ಅದು ಕ್ರಿಮಿನಲ್. ಮೆಮೋ ಬಂದು ಮೂವತ್ತು ದಿವಸದಾಗ ನಾವು ನೋಟೀಸು ಕಳಿಸಬೇಕು. ಸಿಕ್ಕ ಮ್ಯಾಲ ಅವರಿಗೆ ಹದಿನೈದು ದಿವಸ ಟೈಮು. ಕೊಡಲಿಲ್ಲ, ಕೋರ್ಟು.”

“ಅವರು ಕೇಳಿ ಹಾಕಿ ಅಂತ ಹೇಳಿದ್ದರು.”

“ಅದು ನಿಮ್ಮ ಮಂದಿ ಮಾತು. ಕಾಯ್ದೆಕ್ಕ ಅದು ಕೇಳ್ಸಂಗಿಲ್ರಿ. ನೋಟೀಸಿಗೆ ಸಹಿ ನೀವೇ ಹಾಕಬೇಕು, ಚೆಕ್ಕು ನಿಮ್ಮ ಹೆಸರಿಗೈತಿ. ಇನ್ನ ಎಂಟು ದಿವಸ ಉಳದಾವ. ವಿಚಾರ ಮಾಡ್ರಿ, ಆದ್ರ ಬಾಳ ಮಾಡಬ್ಯಾಡ್ರಿ.”

ರೈಲಿನಲ್ಲಿ ವಾಪಸು ಬರುವಾಗ ಅನುಷ್ಕಾ ಅಮ್ಮನ ಕೈ ಹಿಡಿದುಕೊಂಡು ಕೂತಿದ್ದಳು. ಪೊಲೀಸರು ಬರುವುದಿಲ್ಲ ಎಂಬ ಸಮಾಧಾನ ಮುಂದಿನ ಠಾಕುರ್ಲಿ ಸ್ಟೇಷನ್ನಿನ ತನಕವೂ ಬಾಳಲಿಲ್ಲ. ಗಂಡನಿಗೆ ಹೇಗೆ ಹೇಳುವುದು ಎಂಬ ಚಿಂತೆ ಅದರ ಜಾಗಕ್ಕೆ ಬಂದು ಕೂತಿತು.

ಹೇಳಿದಳು. ಎಣಿಸಿದ್ದಕ್ಕಿಂತ ಕೆಟ್ಟದಾಗಿಯೇ ಆಯಿತು.

“ಧನಿಗಳ ಮೇಲೆ ಕ್ರಿಮಿನಲ್ ಕೇಸಾ?” ಜಯಶೀಲನ ದನಿ ಒಡೆಯಿತು. “ನನ್ನ ಅಪ್ಪ ಸತ್ತಾಗ ಊರಿಗೆ ಬಸ್ಸಿನ ಟಿಕೆಟು ತೆಗೆದುಕೊಟ್ಟವರು. ನಮ್ಮ ಮದುವೆಗೆ ಅಕ್ಕಿಯ ಮೂಟೆ ಕಳಿಸಿದವರು. ನಿನಗೆ ನೆನಪಿಲ್ವಾ?”

“ನೆನಪುಂಟು. ಅಕ್ಕಿಯೂ ನೆನಪುಂಟು, ಮೂಟೆಯೂ ನೆನಪುಂಟು. ಸ್ವರ್ಣಕ್ಕನ ನೌಕರಿ ಹೋಗ್ತದೆ, ಅದಕ್ಕೆ ಎಂತ ಮಾಡುದು ಹೇಳಿ.”

“ಚೌತಿ ಕಳೆದ ಮೇಲೆ ಕೊಡ್ತಾರೆ.”

“ಇನ್ಸ್‌ಪೆಕ್ಷನ್ ಚೌತಿಗೆ ಕಾಯುವುದಿಲ್ಲ.”

“ನೋಟೀಸು ಹೋದರೆ ನಾನು ಗಲ್ಲೆಯಲ್ಲಿ ಹೇಗೆ ಕೂರುದು?”

“ನೋಟೀಸು ಹೋಗದಿದ್ರೆ ನಾನು ಸ್ವರ್ಣಕ್ಕನ ಎದುರು ಹೇಗೆ ನಿಲ್ಲುದು? ಅವಳಿಗೆ ಸುಳ್ಳು ಹೇಳಿದ್ದು ನಾನು. ನೀವಲ್ಲ, ಧನಿಗಳೂ ಅಲ್ಲ.”

ಅನುಷ್ಕಾ ಏನೋ ಹೇಳಲು ಬಾಯಿ ತೆರೆದಳು. “ನೀನು ಮಧ್ಯ ಬರ್ಬೇಡ” ಎಂದು ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಹೇಳಿದರು. ಆ ಮೂರು ವಾರಗಳಲ್ಲಿ ಅವರಿಬ್ಬರೂ ಒಪ್ಪಿಕೊಂಡ ಮಾತು ಅದೊಂದೇ.

ರತ್ನಾವತಿ ನಾಲ್ಕು ದಿನ ಕಾದಳು. ಗಂಡ ಧನಿಗಳನ್ನು ಇನ್ನೊಮ್ಮೆ ಕೇಳುತ್ತಾನೋ ಎಂದು ದಿನಾ ಸಂಜೆ ಅವನ ಮುಖ ನೋಡಿದಳು. ಐದನೇ ದಿನ ಕಲ್ಯಾಣಕ್ಕೆ ಒಬ್ಬಳೇ ಹೋಗಿ ಸಹಿ ಹಾಕಿದಳು. ಅಂಬಾದಾಸರು ಅವಳ ಎದುರೇ ಲಕೋಟೆ ಅಂಟಿಸಿದರು. ಪೋಸ್ಟಾಫೀಸಿನಲ್ಲಿ ತಾನೇ ಕೊಟ್ಟು ರಸೀದಿ ತಂದು ಆ ರಾತ್ರಿ ಗಂಡನ ತಟ್ಟೆಯ ಪಕ್ಕದಲ್ಲಿ ಇಟ್ಟಳು.

“ಕಳಿಸಿದೆ. ಕದ್ದು ಮಾಡ್ಲಿಲ್ಲ, ಹೇಳಿ ಮಾಡಿದ್ದೇನೆ.”

ಜಯಶೀಲ ರಸೀದಿಯನ್ನು ನೋಡಿದ, ಹೆಂಡತಿಯನ್ನು ನೋಡಲಿಲ್ಲ. ಆವತ್ತಿನಿಂದ “ನೀರು,” “ಸಾಕು” ಕೂಡ ನಿಂತುಹೋಯಿತು. ಹೋಟೆಲಿನಲ್ಲೇ ಉಂಡು ಬರತೊಡಗಿದ. ರತ್ನಾವತಿ ದಿನಾ ಅವನ ಪಾಲಿನದ್ದನ್ನು ಮಾಡಿ ಮುಚ್ಚಿಡುವಳು, ಬೆಳಿಗ್ಗೆ ತಾನೇ ಬಿಸಿ ಮಾಡಿ ಉಣ್ಣುವಳು. ಪಾತ್ರೆ ತೊಳೆಯುವಾಗ ಎಷ್ಟೋ ಸಲ ಅಳು ಬಂತು. ಆದರೂ ಸಹಿ ಹಾಕಿದ್ದು ತಪ್ಪು ಎಂದು ಒಂದು ಸಲವೂ ಅನಿಸಲಿಲ್ಲ.

ಸೋಮವಾರ ‘ಶ್ರೀ ಕಟಾಕ್ಷ’ಕ್ಕೆ ವಾರದ ರಜೆ. ಮಧ್ಯಾಹ್ನ ಜಯಶೀಲ ಮನೆಯಲ್ಲೇ ಇದ್ದ, ಅನುಷ್ಕಾ ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಎದುರಿದ್ದಳು. ಬಸಳೆ ಸಾಂಬಾರು ಒಲೆಯ ಮೇಲಿತ್ತು. ಬೆಲ್ಲಾಯಿತು. ಬಾಗಿಲು ತೆರೆದರೆ ಮುಂಡಪ್ಪನವರು, ಹಿಂದೆ ಮಗ ಸೂರಜ್. ಮೂರು ಮಹಡಿ ಹತ್ತಿ ಮುದುಕರಿಗೆ ಏದುಸಿರು ಬಂದಿತ್ತು. ಹತ್ತಿರದ ಎಂಐಡಿಸಿ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳ ವಾಸನೆಯೂ ಅವರ ಜೊತೆ ಒಳಗೆ ಬಂತು. ಜಯಶೀಲ ಎದ್ದು ನಿಂತವನು ಅವರು ಕೂತ ಮೇಲೂ ಕೂರಲಿಲ್ಲ.

“ಊಟ ಮಾಡಿ ಹೋಗಿ, ಧನಿಗಳೇ” ಎಂದಳು ರತ್ನಾವತಿ. ಅದು ಬಾಯಿಂದ ತಾನಾಗಿಯೇ ಬಂತು.

“ಊಟ ಬೇಡ. ಮಜ್ಜಿಗೆ ಇದ್ರೆ ಕೊಡು.”

ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಅವರು ಕಿಸೆಯಿಂದ ನೋಟೀಸು ತೆಗೆದರು.

“ಮುನ್ಸಿಪಾಲಿಟಿಯವರು ಬಂದದ್ದುಂಟು, ಪೊಲೀಸರು ಬಂದದ್ದುಂಟು. ವಕೀಲನ ಕಾಗದ ಇದೇ ಮೊದಲು, ಜಯ. ಅದೂ ನಿನ್ನ ಮನೆಯಿಂದ.”

ಅನುಷ್ಕಾ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ನಿನ್ನನ್ನು ನಾನು ಬಲ್ಲೆ” ಎಂದು ಮುಂಡಪ್ಪನವರು ಮುಂದುವರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. “ಇದು ನಿನ್ನ ಕೆಲಸ ಅಲ್ಲ. ಹೆಂಗಸರು ಯಾರದ್ದೋ ಮಾತು ಕೇಳಿ ಮಾಡಿದ್ದು. ನನಗೆ ಗೊತ್ತಿಲ್ಲದೆ ಹೋಯ್ತು ಅಂತ ನೀನು ಒಂದು ಮಾತು ಹೇಳು ಸಾಕು. ವಕೀಲನಿಗೆ ಫೋನು ಮಾಡಿ ಬೇಡ ಅಂತ ಹೇಳು. ನಾನು ಇಲ್ಲಿಗೇ ಮರೆತುಬಿಡ್ತೇನೆ. ಹಣ ಚೌತಿ ಕಳೆದು ಕೊಡ್ತೇನೆ, ನಾಳೆ ಎಂದಿನ ಹಾಗೆ ಬಂದು ಗಲ್ಲೆಯಲ್ಲಿ ಕೂತುಕೋ.”

ಅಡುಗೆಮನೆಯ ಬಾಗಿಲಲ್ಲಿ ನಿಂತ ರತ್ನಾವತಿಗೆ ಉತ್ತರ ಗೊತ್ತಿತ್ತು. ಗಂಡ ಹೇಳಬೇಕಾದದ್ದು ಸುಳ್ಳೂ ಅಲ್ಲ. ಬ್ಯಾಂಕಿಗೆ ಹೋದದ್ದು ಅವಳು, ವಕೀಲರ ಹತ್ತಿರ ಹೋದದ್ದು ಅವಳು, ಬೇಡ ಎಂದದ್ದು ಅವನು. ಆ ಒಂದು ಮಾತು ಹೇಳಿದರೆ ಇಪ್ಪತ್ತೆಂಟು ವರ್ಷದ ಗಲ್ಲೆ ಉಳಿಯುತ್ತದೆ, ಸ್ವರ್ಣಕ್ಕನ ನೌಕರಿ ಹೋಗುತ್ತದೆ. ಅವಳು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಳು. ಹೇಳುವುದಿದ್ದರೆ ಬೇಗ ಹೇಳಿಬಿಡಲಿ ಅನಿಸಿತು.

ಜಯಶೀಲ ಬಗ್ಗಿ ಮಜ್ಜಿಗೆಯ ಖಾಲಿ ಲೋಟವನ್ನು ಎತ್ತಿಕೊಂಡ.

“ಇಲ್ಲ ಧನಿ. ಕಳಿಸ್ಲಿಕ್ಕೆ ನಾನೇ ಹೇಳಿದ್ದು.”

“ಎಂತ?”

“ಅವಳಿಗೆ ಬೇಡ ಅಂತ ಇತ್ತು. ನಾನೇ ಹೇಳಿ ಸಹಿ ಹಾಕಿಸಿದೆ. ಹಣ ಬೇಕು, ಧನಿ. ಇವತ್ತೇ ಬೇಕು.”

ಮುಂಡಪ್ಪನವರು ಅವನನ್ನು ಬಹಳ ಹೊತ್ತು ನೋಡಿದರು. ಪರಿಚಯವಿಲ್ಲದ ಗಿರಾಕಿ ಬಿಲ್ಲು ತಪ್ಪೆಂದು ವಾದಕ್ಕೆ ನಿಂತರೆ ನೋಡುವಂಥ ನೋಟ. ಆಮೇಲೆ ಮಗನ ಕಡೆ ತಿರುಗದೆಯೇ, “ಹಾಕು” ಎಂದರು. ಸೂರಜ್ ಫೋನು ತೆಗೆದು ಖಾತೆ ನಂಬರು ಕೇಳಿದ. ಅನುಷ್ಕಾ ಹೇಳಿದಳು. ಸ್ವಲ್ಪ ಹೊತ್ತಿಗೆ ಒಳಗೆ ಫ್ರಿಜ್ಜಿನ ಮೇಲಿದ್ದ ರತ್ನಾವತಿಯ ಫೋನು ಟಿಂಗ್ ಎಂದಿತು. ಚೌತಿ ಕಳೆದು ಬರಬೇಕಾಗಿದ್ದ ಹಣ ಅಷ್ಟು ದಿನವೂ ಮಗನ ಕಿಸೆಯಲ್ಲೇ ಇತ್ತು.

ಬಾಗಿಲ ಬಳಿ ಮುಂಡಪ್ಪನವರು ಚಪ್ಪಲಿ ಹುಡುಕುತ್ತಾ, “ನಾಳೆಯಿಂದ ಗಲ್ಲೆಯಲ್ಲಿ ಸೂರಜ್ ಕೂರ್ತಾನೆ” ಎಂದರು.

“ಆಯ್ತು, ಧನಿ.” ಜಯಶೀಲ ಬಗ್ಗಿ ಅವರ ಚಪ್ಪಲಿಯನ್ನು ಸರಿಯಾಗಿ ತಿರುಗಿಸಿಟ್ಟ. ಕೆಳಗಿನ ಮಹಡಿಯ ತನಕ ಕೈಹಿಡಿದು ಇಳಿಸಿಯೂ ಬಂದ.

ಅಷ್ಟರಲ್ಲಿ ರತ್ನಾವತಿ ಸ್ವರ್ಣಲತಾಗೆ ಫೋನು ಮಾಡಿದ್ದಳು. “ಬಂತು ಸ್ವರ್ಣಕ್ಕ, ಪೂರ್ತಿ ಬಂತು” ಎಂದಾಗ ಆ ಕಡೆಯಿಂದ ಮೊದಲು ಉಸಿರು ಬಿಟ್ಟ ಸದ್ದು ಕೇಳಿತು. “ಒಳ್ಳೇದಾಯ್ತು. ನಾಳೆ ಬಂದು ಒಂದು ಕಾಗದ ಬರೆದುಕೊಟ್ಟು ಹೋಗು” ಎಂದಳು ಸ್ವರ್ಣಲತಾ. ಭಜನೆಗೆ ಬರುತ್ತೀಯಾ ಎಂದು ರತ್ನಾವತಿ ಕೇಳಲಿಲ್ಲ. ಕೇಳುವ ಅಧಿಕಾರ ಇನ್ನೂ ತನಗಿಲ್ಲ ಅನಿಸಿತು.

ಜಯಶೀಲ ಮೇಲೆ ಬಂದು ಫ್ಯಾನಿನ ಕೆಳಗೆ ಕೂತ. ಐವತ್ತೈದರ ಗಂಡಸು, ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದೆಂದು ಗೊತ್ತಿಲ್ಲದೆ ಬರಿಗೈಯಲ್ಲಿ ಕೂತಿದ್ದಾನೆ. ರತ್ನಾವತಿ ಅವನ ಎದುರು ನೆಲದ ಮೇಲೆ ಕೂತಳು. ಅಳು ತಡೆಯಲಾಗಲಿಲ್ಲ, ತಡೆಯುವ ಪ್ರಯತ್ನವನ್ನೂ ಮಾಡಲಿಲ್ಲ.

“ಯಾಕೆ ಹಾಗೆ ಹೇಳಿದ್ರಿ? ನನ್ನ ಮೇಲೆ ಹಾಕಿದ್ರೆ ಮುಗೀತಿತ್ತು. ನಿಜವೂ ಅದೇ ಅಲ್ವಾ?”

“ಹೌದು. ನಿಜ ಅದೇ.” ಎಷ್ಟೋ ದಿನಗಳ ಮೇಲೆ ಅವನು ಅವಳ ಮುಖ ನೋಡಿ ಮಾತಾಡಿದ. “ಮೂರು ತಿಂಗಳು ದಿನಾ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಗಲ್ಲೆಯಿಂದ ಏಳ್ತಿದ್ದೆ, ರತ್ನಾ. ಇವತ್ತು ಸಂಬಳ ಕೇಳ್ಲೇಬೇಕು ಅಂತ ಧನಿಗಳ ಟೇಬಲಿನ ತನಕ ಹೋಗ್ತಿದ್ದೆ. ಹೋಗಿ, ನೀರು ಬೇಕಾ ಧನಿ ಅಂತ ಕೇಳಿ ವಾಪಸು ಬರ್ತಿದ್ದೆ.”

ರತ್ನಾವತಿ ಕಣ್ಣೊರೆಸಿಕೊಂಡು ಎದ್ದು ಅವನಿಗೆ ತಟ್ಟೆ ಹಾಕಿದಳು.